ಒಂದೇ ಬೇರಿಂಗಿಗೆ ಐದು ಹೆಸರು

ನಮ್ಮದು ದಾವಣಗೆರೆಯಲ್ಲಿ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಟ್ರ್ಯಾಕ್ಟರ್ ಟ್ರೇಲರ್, ಕಲ್ಟಿವೇಟರ್, ಕೂರಿಗೆ, ಸೀಸನ್ ಬಂದಾಗ ಮೆಕ್ಕೆಜೋಳ ಒಕ್ಕೋ ಮಷೀನು, ಇಷ್ಟು ಮಾಡ್ತೀವಿ. ಕೆಲಸಗಾರರು 22 ಜನ. ಶುರು ಮಾಡಿದ್ದು ನಮ್ಮ ಮಾವ. ಈಗ ಒಳಗಿನ ಕೆಲಸ ನಮ್ಮ ಮನೆಯವರು ನೋಡ್ಕೋತಾರೆ, ಲೆಕ್ಕಪತ್ರ ನನ್ನದು. ಬಿ.ಕಾಂ. ಓದಿದ ಸೊಸೆ ಅಂದ್ರೆ ಕೇಳಬೇಕಾ, ಮದುವೆಯಾಗಿ ಆರು ತಿಂಗಳಿಗೇ ಬಿಲ್ಲಿನ ಕಟ್ಟು ಕೈಗೆ ಬಂತು.

ಖರೀದಿ ಮಾತ್ರ ಮಾವನವರದೇ. ಬೆಳಿಗ್ಗೆ ಒಂಬತ್ತಕ್ಕೆ ಸ್ಟೋರ್ ಬಾಗಿಲಲ್ಲಿ ನಿಂತು "ಏನ್ ಬೇಕಪ್ಪಾ ಇವತ್ತು" ಅಂತಾರೆ. ಸ್ಟೋರ್ ನೋಡಿಕೊಳ್ಳೋರು ಒಬ್ಬರು ಹಿರಿಯರಿದ್ದಾರೆ, ನಾವೆಲ್ಲ ಸ್ಟೋರಣ್ಣ ಅಂತೀವಿ, ಮಾವನವರ ಜೊತೆ ಮೊದಲಿಂದ ಇರೋರು. ಅವರು ಹೇಳ್ತಾರೆ, ಇವರು ಜೇಬಿನ ಡೈರಿಯಲ್ಲಿ ಗೀಚ್ಕೋತಾರೆ. ಆಮೇಲೆ ಬೇವಿನ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಪಿ.ಬಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಫೋನ್. "ಹತ್ತು ಗೇಜ್ ರಾಡು ಎರಡು ಬಾಕ್ಸ್, ಕಟಿಂಗ್ ವೀಲು, ಆಮ್ಯಾಲೆ ಅದು, ಹೋದ್ಸಲ ಕಳಿಸಿದ್ರಲ್ಲ, ಅದೊಂದೆರಡು ಡಜನ್ ಕಳಿಸ್ರಿ." ರೇಟು ಕೇಳೋದು ಅಪರೂಪ. ಮಧ್ಯಾಹ್ನದ ಹೊತ್ತಿಗೆ ಲಗೇಜ್ ಆಟೋದಲ್ಲಿ ಮಾಲು ಬರುತ್ತೆ, ಜೊತೆಗೊಂದು ಚೀಟಿ. ಆ ಚೀಟಿ ಟೇಬಲ್ ಮೇಲಿನ ಕಂಬಿಗೆ ಚುಚ್ಚಿಕೊಳ್ಳುತ್ತೆ. ಬಿಲ್ಲು ನಾಲ್ಕು ದಿನಕ್ಕೆ ಬಂದ್ರೆ ಬಂತು, ಇಲ್ಲಾಂದ್ರೆ ತಿಂಗಳ ಕೊನೆಗೆ.

ಇದರಲ್ಲಿ ತಪ್ಪೇನಿತ್ತು ಅಂತ ಕೇಳಿದ್ರೆ, ಬಹಳ ವರ್ಷ ಏನೂ ಇರಲಿಲ್ಲ. ನಿಜವಾಗಿಯೂ. ಮಾಲು ನಿಂತಿಲ್ಲ, ಉದ್ರಿ ನಿಂತಿಲ್ಲ.

2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರೋದು, ಅದೂ ಲೆಕ್ಕದ ವರ್ಷ ಮುಗಿಯೋ ತಿಂಗಳಲ್ಲೇ ಬಂದಿತ್ತು. ಮನೆ ತುಂಬಾ ನೆಂಟರು, ವರ್ಕ್‌ಶಾಪಲ್ಲಿ ಅರ್ಧ ಜನ ರಜಾ, ಕಂಬಿ ತುಂಬಾ ಚೀಟಿ. ಏಪ್ರಿಲ್‌ನಲ್ಲಿ ಆಡಿಟರ್ ಹತ್ತಿರ ಹೋದಾಗ ಅವರು ಒಂದು ಹಾಳೆ ತಿರುಗಿಸಿ ನನ್ನ ಮುಂದೆ ಇಟ್ಟರು. ನಾವು ಟ್ಯಾಕ್ಸ್ ಕೊಟ್ಟು ಮಾಡಿದ 11 ಖರೀದಿ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಇರಲೇ ಇಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ: ನಮಗೆ ಮಾಲು ಮಾರಿದವರು ತಮ್ಮ ರಿಟರ್ನ್‌ನಲ್ಲಿ ನಮ್ಮ ಬಿಲ್ಲು ತೋರಿಸಿದ್ರೆ ಮಾತ್ರ ಅದು ನಮ್ಮ 2ಬಿಗೆ ಬರುತ್ತೆ. ಪ್ರತಿ ತಿಂಗಳ 14ಕ್ಕೆ ಆ ಪಟ್ಟಿ ಸಿದ್ಧವಾಗುತ್ತೆ. 2022ರ ಜನವರಿಯಿಂದ ಅದರಲ್ಲಿ ಇಲ್ಲದ ಬಿಲ್ಲಿಗೆ ಕ್ರೆಡಿಟ್ ಇಲ್ಲ, ಅಂದ್ರೆ ಕೊಂಡಾಗ ಕೊಟ್ಟ ಟ್ಯಾಕ್ಸನ್ನ ನಾವು ಕಟ್ಟಬೇಕಾದ ಟ್ಯಾಕ್ಸಲ್ಲಿ ಕಳೆಯೋಕೆ ಬರಲ್ಲ. ನಮ್ಮದು ಹೋಗಿದ್ದು ಸುಮಾರು 63 ಸಾವಿರ. ಅದರಲ್ಲಿ ಅರ್ಧಕ್ಕೆ ಬಿಲ್ಲೇ ಬಂದಿರಲಿಲ್ಲ, ಚೀಟಿ ಅಷ್ಟೇ. ಯಾವ ಮಾಲಿಗೆ ಬಿಲ್ಲು ಬಂತು, ಯಾವುದಕ್ಕೆ ಬರಲಿಲ್ಲ ಅಂತ ಹೇಳೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಏನು ತರಿಸಿದ್ವಿ ಅನ್ನೋದೇ ಎಲ್ಲೂ ಬರೆದಿಲ್ಲವಲ್ಲ. ಬರೆದಿದ್ದು ಮಾವನವರ ಡೈರಿಯಲ್ಲಿ, ಅದರಲ್ಲಿ "ಅದು, 2 ಡಜನ್" ಅಂತ ಇತ್ತು.

ಸರಿ, ಖರೀದಿಯನ್ನ ಕಂಪ್ಯೂಟರಿಗೆ ಹಾಕೋಣ ಅಂತ ಶುರುವಾಯ್ತು. ಇ-ಪ್ರೊಕ್ಯೂರ್‌ಮೆಂಟ್ ಅಂತ ಹುಡುಕಿದ್ರೆ ಮೊದಲು ಬರೋದೆಲ್ಲ ಸರ್ಕಾರದ ಟೆಂಡರ್ ಪೋರ್ಟಲ್‌ಗಳು, ಜೆಮ್, ಕೆಪಿಪಿಪಿ, ಡಿಜಿಟಲ್ ಸಹಿಯ ಡಾಂಗಲ್, ಇಎಂಡಿ ಅನ್ನೋ ಠೇವಣಿ. ಅದು ಸರ್ಕಾರಕ್ಕೆ ಮಾರೋರ ಗೋಳು. ನಮಗೆ ಬೇಕಾಗಿದ್ದು ಬೇರೆ. ಸ್ಟೋರಿಂದ ಬೇಡಿಕೆ ಬರಬೇಕು, ಅದರಿಂದ ಪರ್ಚೇಸ್ ಆರ್ಡರ್ ಆಗಬೇಕು, ಮಾಲು ಬಂದಾಗ ಬಂದಷ್ಟು ಎಂಟ್ರಿ ಆಗಬೇಕು, ಬಿಲ್ಲು ಬಂದಾಗ ಆರ್ಡರ್, ಬಂದ ಮಾಲು, ಬಿಲ್ಲು ಮೂರೂ ತಾಳೆಯಾಗಬೇಕು. ಇಷ್ಟೇ.

ಇಷ್ಟಕ್ಕೆ ನಾವು ಮೊದಲು ಮಾಡಿದ್ದು ದುಬಾರಿ ತಪ್ಪು. ಬೆಂಗಳೂರಿನ ಒಂದು ಕಂಪನಿಯವರು ಆನ್‌ಲೈನ್‌ನಲ್ಲಿ ಡೆಮೊ ಕೊಟ್ಟರು. ಬಹಳ ಚೆನ್ನಾಗಿತ್ತು. ಐದು ಜನಕ್ಕೆ ಲಾಗಿನ್, ತಿಂಗಳ ಬಾಡಿಗೆ. ಅಂಗಡಿಯವರಿಗೂ ಒಂದೊಂದು ಲಾಗಿನ್ ಸಿಗುತ್ತೆ, ನಾವು "ಇಂತಿಷ್ಟು ಬೇಕು" ಅಂದ ಕೂಡಲೇ ಮೂರು ಅಂಗಡಿಯವರು ಅವರವರ ರೇಟು ಹಾಕ್ತಾರೆ, ನಾವು ಕೂತಲ್ಲೇ ಕಡಿಮೆ ರೇಟು ಆರಿಸ್ತೀವಿ. ಪರದೆ ಮೇಲೆ ಅದು ನೋಡೋಕೆ ಎಷ್ಟು ಚೆಂದ. ನಮ್ಮ ಮನೆಯವರು ಅವತ್ತೇ ಒಂದು ವರ್ಷದ ದುಡ್ಡು ಕಟ್ಟಿದರು.

ಅಂಗಡಿಯವರು ಒಬ್ಬರೂ ಲಾಗಿನ್ ಆಗಲಿಲ್ಲ. ಒಬ್ಬರೂ! ನಾನು ಇ-ಮೇಲ್ ಕಳಿಸಿದೆ, ಫೋನ್ ಮಾಡಿದೆ, ಕೊನೆಗೆ ಸ್ಕೂಟಿ ಹತ್ತಿ ಅಂಗಡಿಗೇ ಹೋದೆ. ಗಲ್ಲಾದಲ್ಲಿ ಕೂತಿದ್ದ ಸಾಹುಕಾರ್ರು ನೀರು ಕೊಟ್ಟು ಕೂರಿಸಿ ಹೇಳಿದ್ದು ಇಷ್ಟು: "ಅಕ್ಕಾರ, ನಮಗ ದಿನಕ್ಕ ಇನ್ನೂರು ಗಿರಾಕಿ. ಒಬ್ಬೊಬ್ರದು ಒಂದೊಂದು ವೆಬ್‌ಸೈಟು ಅಂದ್ರ ನಾವು ಅಂಗಡಿ ಮುಚ್ಚಿ ಪಾಸ್‌ವರ್ಡ್ ನೆನಪಿಟ್ಕಂತ ಕುಂದ್ರಬೇಕಾಗತೈತಿ. ವಾಟ್ಸಾಪಿಗೆ ಹಾಕ್ರಿ, ಮಾಲು ಬರತೈತಿ." ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ದೊಡ್ಡ ಕಾರ್ ಕಂಪನಿ ಹೇಳಿದ್ರೆ ಮಾರೋರು ಪೋರ್ಟಲ್‌ಗೆ ಬರ್ತಾರೆ, ನಮ್ಮಂಥ ಗಿರಾಕಿ ಹೇಳಿದ್ರೆ ಯಾಕೆ ಬರಬೇಕು? ಕೊನೆಗೆ ಅದನ್ನ ಬಿಟ್ಟೆವು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ನೋಡಿದ್ರೆ, ಲೆಕ್ಕಕ್ಕೆ ನಾವು ಬಳಸೋ ಟ್ಯಾಲಿಯಲ್ಲೇ ಪರ್ಚೇಸ್ ಆರ್ಡರ್, ಮಾಲು ಬಂದದ್ದಕ್ಕೆ ರಿಸಿಪ್ಟ್ ನೋಟ್, ಎರಡೂ ಇವೆ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿರಲಿಲ್ಲ ಅಷ್ಟೇ. ಮನೆಯಲ್ಲೇ ಬೆಲ್ಲ ಇಟ್ಕೊಂಡು ಸಂತೆಗೆ ಹೋದ ಹಾಗಾಯ್ತು. ಸ್ಟೋರಿಂದ ಬೇಡಿಕೆ ಕಳಿಸೋಕೆ ಫೋನಿನಲ್ಲಿ ಒಂದು ಫಾರ್ಮ್, ಆರ್ಡರ್ ಟ್ಯಾಲಿಯಲ್ಲಿ, ಅದರ ಪಿಡಿಎಫ್ ಅಂಗಡಿಯ ವಾಟ್ಸಾಪಿಗೆ. ಇವತ್ತಿಗೂ ಇದೇ ನಡೀತಿದೆ.

ಆದ್ರೆ ಸಾಫ್ಟ್‌ವೇರ್ ಯಾವುದು ಅನ್ನೋದು ಇಡೀ ಕೆಲಸದಲ್ಲಿ ಹತ್ತನೇ ಒಂದು ಭಾಗವೂ ಅಲ್ಲ. ನಮ್ಮ ಜೀವ ತಿಂದಿದ್ದು ಹೆಸರಿಡೋದು.

ಆರ್ಡರ್ ಮಾಡಬೇಕಂದ್ರೆ ವಸ್ತುವಿಗೆ ಒಂದು ಹೆಸರು ಬೇಕು, ಒಂದೇ ಒಂದು ಹೆಸರು. ನಾನು ಹಳೇ ಬಿಲ್ಲುಗಳಿಂದ ಪಟ್ಟಿ ಮಾಡ್ತಾ ಹೋದೆ. 1,400 ವಸ್ತು ಆದವು. ಇಷ್ಟೊಂದು ಇರೋಕೆ ಸಾಧ್ಯವೇ ಇಲ್ಲ ಅಂತ ಸ್ಟೋರಣ್ಣನ ಜೊತೆ ಕೂತೆ. ಒಂದು ಬಿಲ್ಲಲ್ಲಿ "ಬಾಲ್ ಬೇರಿಂಗ್ 6205". ಇನ್ನೊಂದರಲ್ಲಿ "ಬಿಆರ್‌ಜಿ 6205 ಝಡ್‌ಝಡ್". ನಮ್ಮ ಹಳೇ ಸ್ಟಾಕ್ ಪುಸ್ತಕದಲ್ಲಿ "25 ಎಂಎಂ". ಫಿಟ್ಟರ್ ಬಾಯಲ್ಲಿ "ಫ್ಯಾನ್ ಬೇರಿಂಗು", ಯಾಕಂದ್ರೆ ಒಕ್ಕೋ ಮಷೀನಿನ ಫ್ಯಾನಿಗೆ ಅದು ಬೀಳುತ್ತೆ. ಮಾವನವರ ಡೈರಿಯಲ್ಲಿ "ಅದು". ಐದೂ ಒಂದೇ ವಸ್ತು. ಇದೇ ಲೆಕ್ಕದಲ್ಲಿ ಒಂದೇ ದಿನ ಎರಡು ಅಂಗಡಿಯಿಂದ ಅದನ್ನೇ ತರಿಸಿದ್ದೂ ಇದೆ, ಒಂದು 6205 ಅಂತ, ಇನ್ನೊಂದು ಫ್ಯಾನ್ ಬೇರಿಂಗು ಅಂತ.

ಆ ನಂಬರಿಗೆ 25 ಎಂಎಂ ಅನ್ನೋ ಹೆಸರು ಹೇಗೆ ಬಂತು ಅಂತ ಕೇಳಿದಾಗ ಸ್ಟೋರಣ್ಣ ನಕ್ಕರು. "ಕೊನೇ ಎರಡು ಅಂಕಿ ಐತಲ್ಲ ಅಕ್ಕಾರ, 05, ಅದಕ್ಕ ಐದರಿಂದ ಗುಣಸ್ರಿ. ಐದೈದ್ಲ ಇಪ್ಪತ್ತೈದು. ಶಾಫ್ಟ್ ಕೂಡೋ ತೂತು ಇಪ್ಪತ್ತೈದು ಎಂಎಂ. 6206 ಅಂದ್ರ ಮೂವತ್ತು." ಆರನೇ ಕ್ಲಾಸ್ ತನಕ ಓದಿರೋ ಮನುಷ್ಯ. ನಾನು ಅಷ್ಟು ವರ್ಷ ಆ ನಂಬರು ಬಿಲ್ಲಲ್ಲಿ ಟೈಪ್ ಮಾಡ್ತಾ ಇದ್ದೆ, ಒಂದು ದಿನವೂ ಗೊತ್ತಾಗಿರಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ, ದಿನಾ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ, ನಾವಿಬ್ಬರೂ ಕೂತು ಹೆಸರಿಟ್ಟೆವು. 1,400 ಇದ್ದದ್ದು 520ಕ್ಕೆ ಇಳೀತು. ಒಂದು ವಿಷಯದಲ್ಲಿ ಮಾತ್ರ ನಾನು ಮೊದಲು ಹಟ ಮಾಡಿದೆ, ಪುಸ್ತಕದ ಹೆಸರೇ ಇರಬೇಕು ಅಂತ. "ವೆಲ್ಡಿಂಗ್ ಎಲೆಕ್ಟ್ರೋಡ್ 3.15 ಮಿ.ಮೀ." ಅಂತ ಹಾಕಿದೆ. ಸ್ಟೋರಣ್ಣ ಫೋನ್ ಫಾರ್ಮ್‌ನಲ್ಲಿ ಹುಡುಕಿ ಹುಡುಕಿ ಸಿಗದೆ "ರಾಡ್ ಖಾಲಿ" ಅಂತ ಬಾಯಲ್ಲೇ ಬಂದು ಹೇಳಿ ಹೋದರು. ಅವರಿಗೆ ಅದು ಹತ್ತು ಗೇಜ್ ರಾಡು. ನಾಲ್ಕು ಎಂಎಂದು ಎಂಟು ಗೇಜ್. ಟ್ಯಾಲಿಯಲ್ಲಿ ಅಲಿಯಾಸ್ ಅಂತ ಒಂದು ಜಾಗ ಇದೆ, ಒಂದೇ ವಸ್ತುವಿಗೆ ಅಡ್ಡಹೆಸರು ಕೊಡಬಹುದು. ಅಲ್ಲಿ ಅವರ ಹೆಸರೇ ಹಾಕಿದೆ. ಫಾರ್ಮ್‌ನಲ್ಲೂ ಅವರ ಹೆಸರೇ ಕಾಣೋ ಹಾಗೆ ಮಾಡಿದ ಮೇಲೆ, ಕನ್ನಡದಲ್ಲಿ ಫೋನಿಗೆ ಮಾತಾಡಿದ್ರೆ ಸಾಕು, ಬೇಡಿಕೆ ನನ್ನ ಟೇಬಲ್‌ಗೆ ಬರುತ್ತೆ. ಗ್ರೈಂಡರ್ ಸದ್ದಿನಲ್ಲಿ ಅದು ಒಮ್ಮೊಮ್ಮೆ "ರಾಡು" ಅನ್ನೋದನ್ನ "ಹಾಡು" ಅಂತ ಬರ್ಕೊಳ್ಳುತ್ತೆ. ಹತ್ತು ಗೇಜ್ ಹಾಡು ಎರಡು ಬಾಕ್ಸ್. ನನಗೆ ಅರ್ಥ ಆಗುತ್ತೆ, ಬಿಡಿ.

ಇನ್ನೊಂದು ತಲೆನೋವು ಅಳತೆ. ಆ್ಯಂಗಲ್, ಚಾನಲ್ ಥರದ ಕಬ್ಬಿಣ ಎಲ್ಲ ನಾವು ಕೊಳ್ಳೋದು ಕೆ.ಜಿ. ಲೆಕ್ಕದಲ್ಲಿ, ಬಿಲ್ಲು ಕೆ.ಜಿ.ಗೆ, ವೇ ಬ್ರಿಡ್ಜ್ ಚೀಟಿ ಕೆ.ಜಿ.ಗೆ. ಒಳಗೆ ಬಳಸೋದು ಲೆಂತ್ ಲೆಕ್ಕದಲ್ಲಿ, ಆರು ಮೀಟರಿನ ಒಂದು ಲೆಂತ್. ಸ್ಟೋರಣ್ಣ "ಐವತ್ತರ ಆ್ಯಂಗಲ್ ಇಪ್ಪತ್ತು ಲೆಂತ್" ಅಂತಾರೆ, ಅಂಗಡಿಯವರು "ಅರ್ಧ ಟನ್ ಚಿಲ್ಲರೆ" ಅಂತಾರೆ. ಹಾಗಾಗಿ ಒಂದೊಂದು ಸೈಜಿಗೂ ಮೀಟರಿಗೆ ಎಷ್ಟು ತೂಕ ಅಂತ ಪಟ್ಟಿ ನೋಡಿ ಹಾಕಿದೆವು. 50-50-6 ಆ್ಯಂಗಲ್ (ಎರಡೂ ಬದಿ 50 ಎಂಎಂ, ದಪ್ಪ 6 ಎಂಎಂ) ಮೀಟರಿಗೆ 4.5 ಕೆ.ಜಿ., ಒಂದು ಲೆಂತ್‌ಗೆ 27. ನಮ್ಮ ಮನೆಯವರು ಇದನ್ನ ನೋಡಿ, ಇಷ್ಟೆಲ್ಲ ಯಾಕೆ, ಕೆ.ಜಿ. ಅಷ್ಟೇ ಇರಲಿ ಬಿಡು ಅಂದಿದ್ರು. ನನಗೂ ಸುಸ್ತಾಗಿತ್ತು, ಬಿಡ್ತಿದ್ದೆನೋ ಏನೋ. ಅಷ್ಟೊತ್ತಿಗೆ ಅರ್ಧ ಮುಗಿದಿತ್ತು ಅಂತ ಮುಂದುವರಿಸಿದೆ.

ಸ್ಟಾಕ್ ಎಣಿಕೆಗೆ ಬೇರೆ ದಿನ ಹುಡುಕಲಿಲ್ಲ. ಆಯುಧಪೂಜೆಗೆ ಹೇಗೂ ಎಲ್ಲ ಹೊರಗೆ ತೆಗೆದು, ತೊಳೆದು, ಒರೆಸಿ ಇಡ್ತೀವಿ. ಒಳಗೆ ಇಡೋ ಮುಂಚೆ ಎಣಿಸಿ ಬರೆದರಾಯ್ತು. ನಿಮ್ಮದು ಸಣ್ಣ ವರ್ಕ್‌ಶಾಪ್ ಆಗಿದ್ರೆ ಇದೊಂದು ಮಾತು ಕೇಳಿ, ಬೇರೆ ಯಾವ ದಿನವೂ ಇಷ್ಟು ಚೆನ್ನಾಗಿ ಆಗಲ್ಲ. ಅವತ್ತು ಮೂಲೆಯಲ್ಲಿ ಕಟಿಂಗ್ ವೀಲಿನ ಆರು ಡಬ್ಬ ಸಿಕ್ಕವು, ಇದೆ ಅಂತಾನೇ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಎಣಿಸಿದ ಮೇಲೆ ಉಳಿದಿದ್ದು ಒಂದೇ. ಸ್ಟೋರಣ್ಣನ ಕುರ್ಚಿ ಕೆಳಗೆ ಒಂದು ಹಳೇ ಬಿಸ್ಕೆಟ್ ಡಬ್ಬಿ ಇತ್ತು, ತುಂಬಾ ಬಿಡಿಭಾಗ. ಬರೆಯೋಣ ಅಂದ್ರೆ "ಅದನ್ನ ಬಿಡ್ರಿ ಅಕ್ಕಾರ, ಅದು ಹಂಗೇ ಇರ್ಲಿ" ಅಂತ ಕಾಲಿನಿಂದ ಒಳಗೆ ತಳ್ಳಿದರು.

ಶುರು ಮಾಡೋದು ದೀಪಾವಳಿ ಅಮಾವಾಸ್ಯೆಗೇ ಅಂತ ಮಾವ ಹಟ ಹಿಡಿದರು. ಹೊಸ ಖಾತೆ ಪುಸ್ತಕ ಪೂಜೆ ಮಾಡೋ ದಿನ, ಅವತ್ತೇ ಮೊದಲ ಆರ್ಡರ್ ಆಗಬೇಕು, ಮೇಲೆ "ಶ್ರೀ" ಇರಬೇಕು. ಆರ್ಡರ್ ನಂಬರಿನ ಮುಂದೆ ಅಕ್ಷರ ಸೇರಿಸಬಹುದು ಅಂತ ನೆನಪಾಗಿ ಅಲ್ಲೇ ಶ್ರೀ ಸೇರಿಸಿದೆ. ನಮ್ಮ ಎಲ್ಲ ಆರ್ಡರ್‌ಗೂ ಈಗ ಶ್ರೀ ಇದೆ, ಗ್ಯಾಸ್ ಸಿಲಿಂಡರಿಗೂ, ಥಿನ್ನರಿಗೂ. ಮಾವ ಪರದೆಗೆ ಕುಂಕುಮ ಹಚ್ಚೋಕೆ ಬಂದ್ರು, ಕೀಬೋರ್ಡ್ ಪಕ್ಕಕ್ಕೆ ಹಚ್ಚಿಸಿದೆ.

ಪೂಜೆಗೆ ಒಪ್ಪಿದ್ರು ಅಂದ್ರೆ ಪದ್ಧತಿಗೆ ಒಪ್ಪಿದ್ರು ಅಂತಲ್ಲ. ಮೊದಲ ಎರಡು ತಿಂಗಳು ಬೇವಿನ ಮರದ ಕೆಳಗಿನ ಫೋನು ನಿಲ್ಲಲಿಲ್ಲ. ನಾನು ಆರ್ಡರ್ ಕಳಿಸೋ ಮುಂಚೆನೇ ಮಾಲು ಬಂದಿರ್ತಿತ್ತು, ಆಮೇಲೆ ನಾನು ಹಿಂದಿನ ತಾರೀಖಿಗೆ ಆರ್ಡರ್ ಹಾಕ್ತಿದ್ದೆ. ಅದು ಸುಮ್ನೆ ನಾಟಕ. 50 ಸಾವಿರದ ಮೇಲಿನ ಆರ್ಡರಿಗೆ ಅವರ ಒಪ್ಪಿಗೆ ಬೇಕು ಅಂತ ಮಾಡಿದೆವು. ವಾಟ್ಸಾಪಿಗೆ ಕಳಿಸಿದ್ರೆ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಕಳಿಸೋರು, ಓದದೇನೇ. ಒಂದು ದಿನ ಕೇಳೇಬಿಟ್ಟೆ, "ಮಾವಾರೇ, ಓದಿದ್ರಾ?" ಅಂತ. "ಏನವ್ವಾ, ನೀನು ಹಾಕಿದ ಮ್ಯಾಲೆ ಓದದೇನೈತಿ" ಅಂದ್ರು. ನನ್ನ ಮೇಲಿನ ನಂಬಿಕೆಯೋ ಕಣ್ಣಿನ ಪೊರೆಯೋ ಗೊತ್ತಾಗಲಿಲ್ಲ. ಅಕ್ಷರ ದೊಡ್ಡದು ಮಾಡಿ, ಹೋದ ಸಲದ ರೇಟು ಪಕ್ಕದಲ್ಲೇ ಬರೋ ಹಾಗೆ ಕಳಿಸೋಕೆ ಶುರು ಮಾಡಿದೆ. ಮಾರನೇ ವಾರವೇ ಫೋನು: "ಇವ್ರು ಪೇಂಟಿಗೆ ಲೀಟರಿಗೆ ಹದಿನೆಂಟು ರೂಪಾಯಿ ಯಾಕ ಜಾಸ್ತಿ ಮಾಡ್ಯಾರ?" ಅವತ್ತಿಂದ ಒಂದು ಬಿಡಲ್ಲ. ಪೊರೆಯೇ ಇತ್ತು ಅನ್ಸುತ್ತೆ.

ಜನವರಿಯಲ್ಲಿ ಆ್ಯಂಗಲ್ ಪ್ರಸಂಗ. ಟ್ರೇಲರ್ ಬಾಡಿಗೆ 50-50-6 ಆ್ಯಂಗಲ್ 20 ಲೆಂತ್ ಆರ್ಡರ್. 540 ಕೆ.ಜಿ. ಬರಬೇಕು ಅಂತ ಆರ್ಡರ್‌ನಲ್ಲೇ ಇದೆ. ಗಾಡಿ ಬಂತು, ಸ್ಟೋರಣ್ಣ ಎಣಿಸಿದರು, 20 ಸರಿ ಇದೆ. ತೂಕದ ಚೀಟಿಯಲ್ಲಿ 458. ಎಂಟ್ರಿ ಮಾಡುವಾಗ ನನಗೆ ಕಂಡಿದ್ದು ಇಷ್ಟೇ, 82 ಕೆ.ಜಿ. ಕಡಿಮೆ. ಒಂದೆರಡು ಕೆ.ಜಿ. ವ್ಯತ್ಯಾಸ ಇರೋದೇ, ಆದ್ರೆ 82? ಒಂದು ಲೆಂತ್ ಕಡಿಮೆ ಬಂದಿದ್ರೂ 27 ಅಷ್ಟೇ ಕಡಿಮೆ ಆಗಬೇಕು. ನಾನು ತೂಕದ ಕಾಟಾ ಕೆಟ್ಟಿದೆ ಅಂದ್ಕೊಂಡೆ. ಸ್ಟೋರಣ್ಣ ಏನೂ ಮಾತಾಡದೆ ಎದ್ದು ಹೋಗಿ ದಪ್ಪ ಅಳೆಯೋ ವರ್ನಿಯರ್ ತಂದು ಆ್ಯಂಗಲ್ ತುದಿಗೆ ಹಿಡಿದರು. ಐದು ಎಂಎಂ. ಆರು ಅಲ್ಲ. ಐದು ಎಂಎಂದು ಮೀಟರಿಗೆ 3.8 ಕೆ.ಜಿ., ಲೆಕ್ಕ ಹಾಕಿದ್ರೆ 456. ಕಾಟಾ ಸರಿಯಾಗೇ ಇತ್ತು.

ಅಂಗಡಿಯವರು ಮೋಸ ಮಾಡಿರಲಿಲ್ಲ. ಗೋಡೌನ್ ಹುಡುಗ ಪಕ್ಕದ ರಾಶಿಯಿಂದ ತುಂಬಿದ್ದ. ಬಿಲ್ಲು ಕೆ.ಜಿ.ಗೇ ಇರೋದ್ರಿಂದ ದುಡ್ಡಿನಲ್ಲೂ ನಮಗೆ ನಷ್ಟ ಇರಲಿಲ್ಲ. ಸಂಜೆಗೇ ಬದಲಾಯಿಸಿ ಕೊಟ್ಟರು. ಆದ್ರೆ ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮೊದಲು ನಾವು ಕೆ.ಜಿ. ಚೀಟಿ ನೋಡಿ ಕೆ.ಜಿ. ಬಿಲ್ಲು ಕಟ್ಟಿ ಸುಮ್ಮನಾಗ್ತಿದ್ವಿ. ಇಷ್ಟು ವರ್ಷದಲ್ಲಿ ಹೀಗೆ ಎಷ್ಟು ಸಲ ಐದು ಎಂಎಂ ಬಂದಿತ್ತೋ, ಯಾವ ರೈತನ ಟ್ರೇಲರ್‌ಗೆ ಹೋಗಿ ಕೂತಿತ್ತೋ, ಕಬ್ಬು ತುಂಬಿದಾಗ ಎಲ್ಲಿ ಬಾಗಿತ್ತೋ. ಲೆಂತ್, ಕೆ.ಜಿ. ಎರಡೂ ಇರಲಿ ಅಂತ ಅರ್ಧ ಮನಸ್ಸಿನಲ್ಲಿ ಮಾಡಿದ ಕೆಲಸಕ್ಕೆ ಆಮೇಲೆ ಮನೆಯಲ್ಲಿ ಯಾರೂ ಹೆಸರಿಡಲಿಲ್ಲ.

ಎಲ್ಲ ಹೀಗೇ ಗೆದ್ದೆವು ಅಂದ್ಕೋಬೇಡಿ. ಮತ್ತದೇ 6205. ಪಟ್ಟಿಯಲ್ಲಿ ನಾನು "ಬೇರಿಂಗ್ 6205" ಅಂತ ಇಟ್ಟಿದ್ದೆ, ಐದು ಹೆಸರು ಒಂದಾಯ್ತು ಅಂತ ಖುಷಿಯಲ್ಲಿ. ಮೊದಲು ಮಾವ "ಅದು ಕಳಿಸ್ರಿ" ಅಂದಾಗ ಅಂಗಡಿಯವರು ಮೆಕ್ಕೆಜೋಳದ ಮಷೀನಿಗೆ ಅಂತ ನೆನಪಿಟ್ಟು ಎರಡೂ ಕಡೆ ಮುಚ್ಚಿರೋದನ್ನೇ ಕಳಿಸ್ತಿದ್ರು. ಹೊಟ್ಟು, ಧೂಳು ಒಳಗೆ ಹೋಗಬಾರದಲ್ಲ. ಈಗ ಪಿಡಿಎಫ್ ನೋಡಿ ಹೊಸ ಹುಡುಗ ಮಾಲು ತೆಗೆದ, ಬರೀ 6205, ಮುಚ್ಚಳವೇ ಇಲ್ಲದ ಬೇರಿಂಗು, ಮೂರು ಡಜನ್. ಫೋನ್ ಮಾಡಿದ್ರೆ "ಆರ್ಡರ್‌ನಲ್ಲಿ ಏನೈತೋ ಅದನ್ನೇ ಕಳಿಸೀವಲ್ಲ ಅಕ್ಕಾ" ಅಂದ. ಸರಿಯೇ ಇದೆ. ಸಾಹುಕಾರ್ರ ತಲೆಯಲ್ಲಿ ಇದ್ದದ್ದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಝಡ್‌ಝಡ್ ಅಂದ್ರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದ್ರೆ ರಬ್ಬರಿನ ಸೀಲು. ನಮಗೆ ಬೇಕಾಗಿದ್ದು ರಬ್ಬರಿಂದು. ಒಂದೇ ಬೇರಿಂಗಿಗೆ ಐದು ಹೆಸರು ಅಂತ ನಗಾಡಿದ್ದೆನಲ್ಲ, ಒಂದೇ ಹೆಸರಲ್ಲಿ ಮೂರು ಬೇರಿಂಗ್ ಇದ್ವು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು 2025ರ ಮೇನಲ್ಲಿ. ಒಂದೊಂದು ವಸ್ತುವಿಗೂ ಕನಿಷ್ಠ ಸ್ಟಾಕ್ ಹಾಕಿದ್ದೆ, ಅದಕ್ಕಿಂತ ಕೆಳಗೆ ಹೋದ್ರೆ ಪಟ್ಟಿಯಲ್ಲಿ ಕಾಣುತ್ತೆ. ವರ್ಷದ ಬಳಕೆಯನ್ನ ಹನ್ನೆರಡರಿಂದ ಭಾಗಿಸಿ ಹಾಕಿದ್ದೆ, ಬಿ.ಕಾಂ. ಬುದ್ಧಿ. ರೋಹಿಣಿ ಮಳೆಗೆ ಮುಂಚೆ ಇಡೀ ಜಿಲ್ಲೆಗೆ ಕೂರಿಗೆ ಬೇಕು. ಬೀಜದ ಪೈಪು ತಿಂಗಳಿಗೆ ಇಷ್ಟು ಅಂತ ನಾನು ಹಾಕಿದ್ದು ನಾಲ್ಕು ದಿನಕ್ಕೆ ಖಾಲಿ. ಕಂಪ್ಯೂಟರ್ ಬೆಲ್ ಹೊಡೆಯೋ ಹೊತ್ತಿಗೆ ಅಂಗಡಿಗಳಲ್ಲೂ ಮಾಲಿಲ್ಲ. ಮೂರು ದಿನ ಕೂರಿಗೆ ಕೆಲಸ ನಿಂತಿತು, ರೈತರು ಬಂದು ಗೇಟಿನಲ್ಲಿ ಕೂತರು. ಮಾವ ಬೈಯಲಿಲ್ಲ. "ಮಳೆ ನಕ್ಷತ್ರ ನಿನ್ನ ಕಂಪ್ಯೂಟರಿಗೆ ಗೊತ್ತೈತೇನವ್ವಾ" ಅಂತ ಕೇಳಿ ಒಳಗೆ ಹೋದರು. ಬೈದಿದ್ರೇ ಚೆನ್ನಾಗಿತ್ತು. ಈಗ ಕನಿಷ್ಠ ಸ್ಟಾಕ್ ವರ್ಷಕ್ಕೆ ಎರಡು ಸಲ ಬದಲಾಯಿಸ್ತೀವಿ, ರೋಹಿಣಿಗೆ ಎರಡು ತಿಂಗಳು ಮುಂಚೆ ಒಂದು, ಮೆಕ್ಕೆಜೋಳ ಕಟಾವಿಗೆ ಮುಂಚೆ ಒಂದು. ಆ ಅಂಕಿ ಹೇಳೋದು ಮಾವನೇ, ಡೈರಿ ನೋಡಿ.

ಬಿಲ್ಲು ತಾಳೆ ಹಾಕೋ ವಿಷಯಕ್ಕೆ ಬರ್ತೀನಿ, ಶುರುವಾಗಿದ್ದೇ ಅದಕ್ಕಲ್ವಾ. ಈಗ ಮಾಲು ಬಂದು ಬಿಲ್ಲು ಬರದೇ ಇರೋದು ಒಂದು ಪಟ್ಟಿಯಾಗಿ ಕಾಣುತ್ತೆ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಅಂಗಡಿಯವರಿಗೆ ನೆನಪಿಸ್ತೀನಿ, 14ಕ್ಕೆ 2ಬಿ ಬಂದ ಮೇಲೆ ಇನ್ನೊಮ್ಮೆ ನೋಡ್ತೀನಿ. 2ಬಿಯಲ್ಲಿ ಬಿಲ್ಲು ಬಾರದೇ ಇರೋರೆಲ್ಲ ಕಳ್ಳರಲ್ಲ ಅನ್ನೋದೂ ಈಗ ಗೊತ್ತಾಗಿದೆ. 5 ಕೋಟಿ ತನಕ ವಹಿವಾಟು ಇರೋರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಅಂಥವರು ಮೊದಲ ಎರಡು ತಿಂಗಳಲ್ಲಿ ಬಿಲ್ಲು ಅಪ್‌ಲೋಡ್ ಮಾಡದಿದ್ರೆ ನಮ್ಮ ಕ್ರೆಡಿಟ್ ತಡ ಆಗುತ್ತೆ, ಹೋಗಲ್ಲ. 2025ರ ಸೆಪ್ಟೆಂಬರ್ 22ರಿಂದ ನಮ್ಮ ಕೃಷಿ ಯಂತ್ರಗಳಿಗೂ ಟ್ರೇಲರ್‌ಗೂ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು. ರೈತರಿಗೆ ಒಳ್ಳೇದೇ. ಆದ್ರೆ ಕಬ್ಬಿಣಕ್ಕೆ ನಾವು ಕೊಡೋದು 18ರಲ್ಲೇ ಇದೆ. ಕೊಟ್ಟಿದ್ದು ಜಾಸ್ತಿ, ವಸೂಲಾಗಿದ್ದು ಕಡಿಮೆ, ಉಳಿದದ್ದು ರಿಫಂಡ್ ಕೇಳಬೇಕು. ಕೇಳೋಕೆ ಬಿಲ್ಲು 2ಬಿಯಲ್ಲಿ ಇರಬೇಕು. ಹಳೇ ಕಂಬಿ ಚೀಟಿಯಲ್ಲಿ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ.

ದುಡ್ಡು ಕೊಡೋ ಗಡುವೂ ಹಾಗೇ. ಸಣ್ಣ ಉದ್ದಿಮೆಯವರಿಂದ ಕೊಂಡಿದ್ದಕ್ಕೆ ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಪ್ಪಿ ವರ್ಷದ ಕೊನೆಗೂ ಬಾಕಿ ಉಳಿದ್ರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯೋಕೆ ಬರಲ್ಲ, ಕೊಟ್ಟ ವರ್ಷವೇ ಕಳೀಬೇಕು. 2023-24ರ ಲೆಕ್ಕದಿಂದ ಬಂದ ನಿಯಮ. ಮಾಲು ಕೊಂಡು ಮಾರೋ ವ್ಯಾಪಾರಿಗಳಿಗೆ ಇದು ಅನ್ವಯಿಸಲ್ಲ, ತಯಾರಿಸೋರು, ಕೆಲಸ ಮಾಡಿಕೊಡೋರಿಗೆ ಅನ್ವಯಿಸುತ್ತೆ. ನಮ್ಮಲ್ಲಿ ಲೇತ್ ಕೆಲಸದವರು, ಪ್ಲೇಟಿಂಗ್‌ನವರು ಇದರಲ್ಲಿ ಬರ್ತಾರೆ. ಅವರ ಉದ್ಯಮ್ ನಂಬರ್, ಅಂದ್ರೆ ಸಣ್ಣ ಉದ್ದಿಮೆ ಅಂತ ನೋಂದಾಯಿಸಿದ ನಂಬರ್, ಕೇಳಿ ಹಾಕ್ಕೊಂಡು, ಆರ್ಡರ್‌ನಲ್ಲೇ 30 ದಿನ ಅಂತ ಬರೆದು ಸಹಿ ಹಾಕಿಸ್ತೀವಿ. ಲೇತಿನವರು ಮೊದಲ ಸಲ ಸಹಿ ಹಾಕುವಾಗ "ಅಂದ್ರ ಮೂವತ್ತು ದಿನಕ್ಕ ಖರೇನ ಕೊಡ್ತೀರೇನ್ರಿ?" ಅಂತ ಎರಡು ಸಲ ಕೇಳಿದರು. ನಾವೇ ಅವರಿಗೆ ಮೂರು ಮೂರು ತಿಂಗಳು ಬಾಕಿ ಇಟ್ಕೋತಿದ್ವಿ ಅನ್ನೋದು ಆಗ ಚುರುಕ್ ಅಂತು.

ಎಲ್ಲವನ್ನೂ ಹಾಕಿಲ್ಲ. 2,000 ರೂಪಾಯಿ ಒಳಗಿನದಕ್ಕೆ ಆರ್ಡರ್ ಇಲ್ಲ, ಸ್ಟೋರಣ್ಣನ ಹತ್ತಿರ ಕೈಖರ್ಚಿನ ದುಡ್ಡಿದೆ, ಬಿಲ್ಲು ತಂದ್ರೆ ಸಾಕು. ಮೊದಲು ಅದಕ್ಕೂ ಆರ್ಡರ್ ಹಾಕಿಸ್ತಿದ್ದೆ, ಒಂದು ಬಲ್ಬಿಗೆ ಮೂರು ಎಂಟ್ರಿ. ಹುಚ್ಚು ಅದು. ಕಬ್ಬಿಣದ ರೇಟಿಗೂ ಫೋನೇ, ದಿನಾ ಬದಲಾಗುತ್ತೆ. ಮಾವ ಬೆಳಿಗ್ಗೆ ಬೇವಿನ ಮರದ ಕೆಳಗೆ ಕೂತು ಮೂರು ಕಡೆ ರೇಟು ಕೇಳ್ತಾರೆ, ನಾನು ಅದನ್ನ ಹಾಕಿ ಅವತ್ತೇ ಆರ್ಡರ್ ಕಳಿಸ್ತೀನಿ. ಚೌಕಾಸಿಯಲ್ಲಿ ಅವರನ್ನ ಮೀರಿಸೋ ಸಾಫ್ಟ್‌ವೇರ್ ನಾನಂತೂ ನೋಡಿಲ್ಲ.

ಹೋದ ವಾರ ಸ್ಟೋರಣ್ಣ ಮಧ್ಯಾಹ್ನ ಊಟ ಮುಗಿಸಿ ನನ್ನ ಟೇಬಲ್ ಹತ್ತಿರ ಬಂದ್ರು. ಕೈಯಲ್ಲಿ ಬಿಸ್ಕೆಟ್ ಡಬ್ಬಿ. ಮಗಳ ಮದುವೆ ಗೊತ್ತಾಗಿದೆ, ಒಂದು ತಿಂಗಳು ರಜಾ ಬೇಕು, ಅಷ್ಟರೊಳಗೆ ಇದನ್ನೂ ಬರೆದುಬಿಡೋಣ ಅಂದ್ರು. ಟೇಬಲ್ ಮೇಲೆ ಪೇಪರ್ ಹಾಸಿ ಸುರಿದೆವು. ಹಳೇ ಕೂರಿಗೆಯ ಚೈನ್ ಲಿಂಕು, ಈಗ ಯಾರೂ ಮಾಡದ ದಪ್ಪ ವಾಶರು, ನಿಂತುಹೋದ ಒಂದು ಮಾದರಿಯ ಪಿನ್ನು. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ಯಾವ ಊರಿನ ಯಾರ ಮಷೀನಿಗೆ ಅಂತ ಹೇಳೋರು, ನಾನು ಟೈಪ್ ಮಾಡೋಳು. ಹದಿನಾರು ಆಯ್ತು. ಹದಿನೇಳನೇದು ಒಂದು ಸಣ್ಣ ಹಿತ್ತಾಳೆ ಬುಷ್, ಒಂದು ಕಡೆ ಕಚ್ಚು ಕೊರೆದಿದೆ. ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ಒರೆಸಿ ನೋಡಿದರು, ಶಾಫ್ಟಿಗೆ ಹಾಕಿ ನೋಡ್ತೀನಿ ಅಂತ ಒಳಗೆ ಹೋಗಿ ವಾಪಸ್ ಬಂದರು.

"ಇದು ಯಾವುದರದು ಅಂತ ನನಗೂ ಗೊತ್ತಾಗವಲ್ದು ಅಕ್ಕಾರ" ಅಂದ್ರು. ಟೈಪ್ ಮಾಡೋಕೆ ಅಂತ ಎತ್ತಿದ್ದ ಕೈ ಹಾಗೇ ಹಿಡಿದು ಕೂತೆ. ಅವರು ಅದನ್ನ ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ಆದ್ರ ಬಿಸಾಕಬ್ಯಾಡ್ರಿ."